ಮೂರನೆಯ ಕಂಬದ ಸುಣ್ಣ

ನಂಜನಗೂಡಿನಲ್ಲಿ ಸ್ಟುಡಿಯೊ ಇಟ್ಟಿರುವ ಕಾಂತರಾಜುವಿಗೆ ಒಂದು ಹುಚ್ಚು. ಮುಚ್ಚಿಹೋದ ನೂಲಿನ ಮಿಲ್ಲು, ಹಳಿ ಕಿತ್ತ ಗೂಡ್ಸ್ ಶೆಡ್ಡು ಎಲ್ಲಿದ್ದರೂ ಕ್ಯಾಮೆರಾ ಹಿಡಿದು ಹೋಗುತ್ತಾನೆ. ಎದುರಿಗೆ ಮದುಮಕ್ಕಳು ನಿಂತಿದ್ದರೂ ಇವನ ಕಣ್ಣು ಕಲ್ಯಾಣಮಂಟಪದ ತುಕ್ಕು ಹಿಡಿದ ಗೇಟಿನ ಮೇಲೆ. ಯಾಕೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ.

ಹೊಟ್ಟೆಪಾಡಿಗೆ ಮದುವೆ, ಮತ್ತು ಸಾವು. ಫೋಟೊ ತೆಗೆಸಿಕೊಳ್ಳದ ಮುದುಕರು ಸತ್ತರೆ, ಹಳ್ಳಿಯವರು ಹೆಣವನ್ನು ಕೂರಿಸಿ ಇವನನ್ನು ಕರೆಯುತ್ತಾರೆ. ಕಂಪ್ಯೂಟರಿನಲ್ಲಿ ಕಣ್ಣು ತೆರೆಸಿ, ಕಲೆ ಅಳಿಸಿ, ಮೂಲ ಫೋಟೊವನ್ನು ಅಂದೇ ಡಿಲೀಟ್ ಮಾಡುತ್ತಾನೆ. ಹೆಣದ ಪಟ ಸ್ಟುಡಿಯೊದಲ್ಲಿ ಇರಬಾರದೆಂಬುದು ಅವನ ನೇಮ.

ಅವನ ಅವ್ವ ಮಂಚಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ. ಅವಳದೊಂದು ಫೋಟೊವೂ ಇಲ್ಲ. ಈ ಸಲ ಮಹಾಲಯದ ಎಡೆಯ ಮುಂದೆ, ಊರಿನ ಮುಚ್ಚಿಹೋದ ನೂಲಿನ ಮಿಲ್ಲಿನಲ್ಲಿ ಅವಳು ನಿಂತು ಕೆಲಸ ಮಾಡಿದ ಜಾಗದ ಫೋಟೊವನ್ನಾದರೂ ಇಡಬೇಕೆನಿಸಿತು. ಅವ್ವನ ಜೊತೆ ದುಡಿದಿದ್ದ ಮಹದೇವಮ್ಮ ಜಾಗ ಹೇಳಿದಳು: ಕಿಟಕಿಯಿಂದ ಮೂರನೆಯ ಕಂಬ. ತೆಗೆದು, ತಿದ್ದಿ, ಫ್ರೇಮು ಹಾಕಿಸಿ ಅವಳಿಗೆ ತೋರಿಸಿದ. ಮುದುಕಿ ಮೂಗಿಗೆ ತಾಕುವಷ್ಟು ಹತ್ತಿರ ಹಿಡಿದು ನೋಡಿದಳು.

"ಸುಣ್ಣ ಎಲ್ಲಪ್ಪ?"

"ಯಾವ ಸುಣ್ಣ ಚಿಕ್ಕವ್ವ?"

"ಎಲೆ ಅಡ್ಕೆ ಆಕಂಡು, ಬೆರಳ್ಗೆ ಮೆತ್ಕಂಡಿದ್ ಸುಣ್ಣವ ಕಂಬಕ್ಕೆ ಒರಸ್ತಿದ್ಲು ನಿಮ್ಮವ್ವ. ಮೇಸ್ತ್ರಿ ಎಷ್ಟ್ ಬೈದ್ರೂ ಬುಡ್ನಿಲ್ಲ. ಗೀಟು ಗೀಟಾಗಿ ಇರ್ಬೇಕಲ್ಲ."

ಕಾಂತರಾಜುವಿಗೆ ನೆನಪಾಯಿತು. ಗೀಟುಗಳಿದ್ದವು. ಕೊಳೆಯೆಂದುಕೊಂಡು ಅವನೇ ನೀಟಾಗಿ ಅಳಿಸಿದ್ದ. ಕೈಗೆ ಅಂಟಿದ ಅಭ್ಯಾಸ, ಮೂಲವನ್ನೂ ಡಿಲೀಟ್ ಮಾಡಿದ್ದ.

ಮಹದೇವಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮಿಲ್ಲಿಗೆ ಓಡಿದ. ಜಾಗ ಕೊಂಡವರು ಬೆಳಿಗ್ಗೆಯೇ ಜೆಸಿಬಿ ಬಿಟ್ಟಿದ್ದರು. ಕಂಬಗಳೆಲ್ಲ ಪುಡಿಯಾಗಿ ಬಿದ್ದಿದ್ದವು. ಹುಡುಕಿದ. ಸುಣ್ಣದ ಗೀಟಿದ್ದ ಒಂದು ಗಾರೆ ಚೂರು ಸಿಕ್ಕಾಗ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಇನ್ನೊಂದು ಸಿಕ್ಕಿತು. ಅದರಡಿಯಲ್ಲಿ ಮತ್ತೆ ನಾಲ್ಕು.

"ಅವ್ವಂದು ಯಾವ್ದು ಚಿಕ್ಕವ್ವ?"

ಮಹದೇವಮ್ಮ ಒಂದನ್ನು ತೋರಿಸಿದಳು. ಅದಲ್ಲವೆಂದು ಇನ್ನೊಂದನ್ನು ತೋರಿಸಿದಳು. ಕೊನೆಗೆ ಕೈ ಇಳಿಸಿದಳು. "ಎಲ್ರೂ ಒರಸ್ತಿದ್ದೊ ಕಣಪ್ಪ. ನಾನೂವೆ."

ಒಂದನ್ನೂ ಬಿಡಲು ಮನಸ್ಸಾಗದೆ ಎಲ್ಲವನ್ನೂ ಚೀಲಕ್ಕೆ ತುಂಬತೊಡಗಿದ. ಮುದುಕಿ ಅವನ ಕೈ ಹಿಡಿದುಕೊಂಡಳು.

"ಎಲ್ಲಾನೂ ಎಡೆ ಮುಂದಕ್ಕೆ ಇಕ್ಬೇಡ ಕಣಪ್ಪ. ನಾನಿನ್ನೂ ಬದ್ಕಿವ್ನಿ."

ಅರ್ಧ ತುಂಬಿದ ಚೀಲ ಹಿಡಿದು ಕಾಂತರಾಜು ಹಾಗೇ ಕೂತ. ಯಾವ ಚೂರನ್ನು ಹೊರಗೆ ತೆಗೆಯಬೇಕೋ ಅವನಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.