ಎರೆ ಮಣ್ಣು ಮೆತ್ತಿದ ಟ್ಯಾಂಕು

ಫೋನು ಬಂದರೆ ಓಣಿಯ ತುದಿಯ ಬೂತಿನವರು ಮನೆಯ ಬಾಗಿಲಿಗೇ ಬಂದು ಕೂಗಿ ಕರೆಯುತ್ತಿದ್ದ ದಿನಗಳವು. ಮಿಲಿಟರಿಯವರ ಮನೆಗಳಲ್ಲಿ ಬಂದ ಪತ್ರಗಳನ್ನೆಲ್ಲ ಒಂದು ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು. ಗೋಕಾಕದ ನಮ್ಮ ಓಣಿಗೆ ಎರಡು ವಾಸನೆಗಳಿದ್ದವು. ಒಂದು ತುದಿಯಿಂದ ಕರದಂಟಿನ ಬೆಲ್ಲದ ಪಾಕದ್ದು, ಇನ್ನೊಂದು ತುದಿಯಿಂದ ಗೊಂಬೆ ಮಾಡುವವರ ಮನೆಯ ವಾರ್ನಿಶಿನದು. ಬೇಸಿಗೆ ರಜೆಯಲ್ಲಿ ಕಟ್ಟೆಯ ಮೇಲೆ ಕೂತು ಹುಣಸೆ ಬೀಜ ಉಜ್ಜಿ ಚೌಕಾಬಾರ ಆಡುವಾಗ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮೂಗಿನಿಂದಲೇ ಹೇಳುತ್ತಿದ್ದೆವು. ಆ ಒಂದು ರಜೆಯಲ್ಲಿ ಮಾತ್ರ ನಾನು ಕಟ್ಟೆಗೆ ಹೋಗಲಿಲ್ಲ. ಆಗ ನನಗೆ ಹನ್ನೊಂದು ವರ್ಷ.

ಆ ರಜೆಯ ಡೈರಿ ಈಗಲೂ ನನ್ನ ಬಳಿ ಇದೆ. ಡೈರಿ ಬರೆಯಲು ಕಲಿಸಿದವರು ಅಪ್ಪ. ಅವರು ಸೈನ್ಯದಲ್ಲಿ ಟ್ಯಾಂಕು ನಡೆಸುತ್ತಿದ್ದರು. "ಗಾಡಿಗೆ ಒಂದ ಲಾಗ್ ಬುಕ್ ಇರತೈತಿ ಸುಮ್ಮಿ. ಎಷ್ಟ ಓಡ್ತು, ಎಷ್ಟ ಎಣ್ಣಿ ಕುಡೀತು, ಎಲ್ಲಿ ನಿಂತಿತು, ಎಲ್ಲಾ ಬರೀತೀವಿ. ನಿನಗೂ ಒಂದಿರಲಿ" ಎಂದು ಹಿಂದಿನ ರಜೆಯಲ್ಲಿ ಸ್ಕೇಲು ಹಿಡಿದು ಅಂಕಣ ಹಾಕಿಕೊಟ್ಟಿದ್ದರು. ದಿನಾಂಕ, ವಾರ, ಎದ್ದ ಹೊತ್ತು, ಓದಿದ ಪುಟ. ನಾನು ಒಂದು ದಿನವೂ ತಪ್ಪಿಸಿರಲಿಲ್ಲ.

ಆ ಏಪ್ರಿಲ್‌ನಲ್ಲಿ ಅಪ್ಪ ನೌಕರಿ ಬಿಟ್ಟು ಮನೆಗೆ ಬಂದರು. ಅಭ್ಯಾಸದ ವೇಳೆ ಮರುಭೂಮಿಯಲ್ಲಿ ಏನೋ ಅವಘಡವಾಗಿತ್ತು. ಅಪ್ಪನ ಜೊತೆ ಅದೇ ಟ್ಯಾಂಕಿನಲ್ಲಿದ್ದ ಬಲದೇವ ಕಾಕಾ ಉಳಿಯಲಿಲ್ಲ. ನನಗೆ ಹೇಳಿದ್ದು ಇಷ್ಟೇ. ಅಪ್ಪನ ಮೈಮೇಲೆ ಗಾಯವಿರಲಿಲ್ಲ. ಉಣ್ಣುತ್ತಿದ್ದರು, ಜಳಕ ಮಾಡುತ್ತಿದ್ದರು, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು. ಮಾತು ಮಾತ್ರ ಇರಲಿಲ್ಲ.

ಡೈರಿಯಲ್ಲಿ ಹೊಸದೊಂದು ಅಂಕಣ ಎಳೆದೆ. ಅದರ ತಲೆಯ ಮೇಲೆ 'ಅಪ್ಪನ ಮಾತು' ಎಂದು ಬರೆದೆ; ಶಬ್ದಕ್ಕೊಂದು ಲೆಕ್ಕ. ಬಂದ ದಿನ ಆರು. ಮರುದಿನ ಎರಡು. ಮೂರನೆಯ ದಿನ ಸೊನ್ನೆ. 'ಹೂಂ', 'ಊಹೂಂ'ಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಮೊದಲು ನಿಯಮ ಮಾಡಿಕೊಂಡಿದ್ದೆ. ಸೊನ್ನೆಗಳು ಸಾಲಾಗಿ ಬೀಳತೊಡಗಿದಾಗ ನಿಯಮ ಸಡಿಲಿಸಿ 'ಹೂಂ'ಗೆ ಅರ್ಧ ಎಂದು ತಿದ್ದಿದೆ. ಹಾಗೆ ಮಾಡಿದರೂ ಒಂದು ವಾರದ ಮೊತ್ತ ಮೂರೂವರೆ.

ಮೂಡಲಗಿಯಿಂದ ಸೋದರತ್ತೆ ಬಂದು ತಾಯತ ಕಟ್ಟಿ ಹೋದರು. ಅವ್ವ ದಿನಾಲು ಅಪ್ಪನಿಗೆ ಬೇಕಾದ್ದನ್ನೇ ಮಾಡಿ ಇಟ್ಟು, "ಉಪ್ಪ ಕಡಿಮಿ ಆಗೇತೇನ್ರಿ?" ಎಂದು ಕೇಳುತ್ತಿದ್ದಳು. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಅಪ್ಪ ಏನೂ ಅನ್ನದೆ ಉಂಡು ಎದ್ದರು. ಅವ್ವ ಒಲೆಯ ಮುಂದೆ ಕೂತು ಆ ಸಾರನ್ನು ತಾನೂ ಹಾಗೆಯೇ ಉಂಡಳು.

ಹತ್ತನೆಯ ದಿನ ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿನಿಂದ ಅವ್ವನ ಅಣ್ಣ, ನನ್ನ ಮಾಮಾ ಬಂದರು. ಕೆಟ್ಟವರಲ್ಲ. ಅಡುಗೆ ಮನೆಯಲ್ಲಿ ಕೂತು ದನಿ ತಗ್ಗಿಸಿ ಹೇಳಿದ್ದು ನನಗೆ ಕೇಳಿಸಿತು.

"ಇನ್ನೊಂದು ತಿಂಗಳ ನೋಡೂನು ತಂಗಿ. ಹಿಂಗ ಇದ್ರ ದೊಡ್ಡ ದವಾಖಾನಿಗೆ ಬಿಟ್ಟ ಬರೂನು. ನೀನೂ ಸುಮ್ಮೀನೂ ದಡ್ಡಿಗೆ ಬಂದಬಿಡ್ರಿ. ಅಲ್ಲೂ ಸಾಲಿ ಐತಿ."

"ಬಿಟ್ಟ ಬರೂದಂದ್ರ? ಅವರೇನ ಕರುವೇನಣ್ಣಾ?" ಎಂದಳು ಅವ್ವ. ಮಾಮಾ ಟವೆಲ್ಲು ಕೊಡವಿ ಎದ್ದರು. ಅವ್ವ ಬೇಡವೆನ್ನದೆ ಅವರಿಗೆ ಬುತ್ತಿ ಕಟ್ಟಿಕೊಟ್ಟಳು. ಅದನ್ನು ಕಂಡು ನನಗೆ ಹೆದರಿಕೆಯಾಯಿತು. ಡೈರಿಯಲ್ಲಿ ದಿನಕ್ಕೊಂದರಂತೆ ಮೂವತ್ತು ಚೌಕ ಹಾಕಿದೆ.

ಅಪ್ಪನ ಕರಿಯ ಟ್ರಂಕಿನ ತಳದಲ್ಲಿ, ಮಡಚಿದ ಕಂಬಳಿಯ ಕೆಳಗೆ ಒಂದು ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ಟ್ಯಾಂಕಿನ ಚಿತ್ರ. ಒಳಗೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಸಣ್ಣ ಸಣ್ಣ ತುಂಡುಗಳು, ಬಿಡಿಸಿ ಜೋಡಿಸಿದರೆ ಆಟದ ಟ್ಯಾಂಕು. ಒಂದು ಮೂಲೆಯಲ್ಲಿ ಅಪ್ಪನ ಅಕ್ಷರದಲ್ಲಿ 'ಸುಮ್ಮಿಗೆ' ಎಂದಿತ್ತು. ಅವಘಡಕ್ಕೆ ಮೊದಲು ಕೊಂಡದ್ದಿರಬೇಕು. ಆ ಹೊತ್ತಿನಿಂದ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಇದನ್ನು ಖರೆ ಟ್ಯಾಂಕಿನಂತೆ ಮಾಡಿಬಿಟ್ಟರೆ ಅಪ್ಪ ಇದರ ಬಗ್ಗೆ ಏನಾದರೂ ಅಂದೇ ಅನ್ನುತ್ತಾರೆ.

ಎಣಿಸಿದೆ: ನೂರಾ ನಾಲ್ಕು ತುಂಡು. ಜೋಡಿಸಲು ಆರು ದಿನ ಹಿಡಿಯಿತು. ಅಂಟು ಹೆಚ್ಚಾಗಿ ಎಡಗಡೆಯ ಗಾಲಿಗಳು ತಿರುಗದಂತೆ ಹಿಡಿದುಕೊಂಡವು. ಏಳನೆಯ ದಿನ ಬಣ್ಣ. ಕಿಟಕಿಗೆ ಬಳಿದು ಉಳಿದ ಹಸಿರು ಎಣ್ಣೆ ಬಣ್ಣ ಮನೆಯಲ್ಲೇ ಇತ್ತು. ಬಣ್ಣದ ಮೇಲೆ ಕಟ್ಟಿದ್ದ ಕೆನೆ ತೆಗೆದು, ಕಿಟಕಿಯ ಬ್ರಶ್ಶಿನಿಂದಲೇ ಬಳಿದೆ. ಸಣ್ಣ ಮೊಳೆ, ಕೊಂಡಿ, ಗೆರೆಗಳೆಲ್ಲ ಬಣ್ಣದಲ್ಲಿ ಮುಳುಗಿದವು. ನಾಲ್ಕು ದಿನ ಒಣಗಲಿಲ್ಲ. ಹದಿಮೂರು ಇರುವೆ ಸಿಕ್ಕಿಬಿದ್ದವು; ಹದಿನಾಲ್ಕನೆಯದನ್ನು ಕಡ್ಡಿಯಿಂದ ಬಿಡಿಸಿದೆ. ತೋಪಿನ ನಳಿಗೆಯ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಹನ್ನೊಂದು ಚೌಕ ಹೊಡೆದು ಹಾಕಿಯಾಗಿತ್ತು. ಟ್ಯಾಂಕು ನೀರಿನಲ್ಲಿ ನೆನೆದ ಸಾಬೂನಿನಂತೆ ಕಾಣುತ್ತಿತ್ತು. ಬಚ್ಚಲ ಹಿಂದೆ ಕೂತು ಅತ್ತೆ.

ಆಮೇಲೆ ಅದನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಶಾಂತಾ ಆಯಿಯ ಮನೆಗೆ ಹೋದೆ. ಓಣಿಯ ವಾರ್ನಿಶ್ ವಾಸನೆಯ ತುದಿ ಅವರದೇ. ಎಪ್ಪತ್ತು ದಾಟಿದ ಮುದುಕಿ. ಕಟ್ಟಿಗೆಯ ಹಣ್ಣು, ಗಿಳಿ, ಗೌರಿಗೆ ಬಣ್ಣ ಕೊಡುವುದರಲ್ಲಿ ಅವರಷ್ಟು ಕೈ ಪಳಗಿದವರು ಇರಲಿಲ್ಲ. ಟ್ಯಾಂಕನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಇದೇನ, ಆಮೆ ಏನ?"

"ಟ್ಯಾಂಕ್ರಿ ಆಯಿ."

"ಬಣ್ಣ ಹಚ್ಚೀಯೋ, ಸಗಣಿ ಸಾರಸೀಯೋ?"

ನಾನು ಮತ್ತೆ ಅಳುವ ಹಾಗಾದೆ. ಆಯಿ ಆಗ ನನ್ನ ಮುಖ ನೋಡಿದರು. ಅಪ್ಪನ ವಿಷಯ ಓಣಿಗೆಲ್ಲ ಗೊತ್ತಿತ್ತು. ಸರಿದು ಜಾಗ ಕೊಟ್ಟು, "ಕುಂದರ" ಎಂದರು.

ಒಂದು ದಿನವಿಡೀ ಸೀಮೆಎಣ್ಣೆ ಚಿಂದಿಯಿಂದ ಬಣ್ಣ ಒರೆಸಿ, ಕೆರೆದು ತೆಗೆದೆವು. ಆಯಿ ಮೊದಲು ತೆಳ್ಳಗೆ ಬಿಳಿಯ ಬಣ್ಣ ಕೊಡಿಸಿದರು. ಅದು ಒಣಗಿದ ಮೇಲೆ ಹಸಿರು, ಹಾಲಿನಷ್ಟು ತೆಳ್ಳಗೆ. "ಒಂದ ಸಲಕ್ಕ ಮುಚ್ಚಬಾರದು. ಮೂರ ಸಲ ಹಚ್ಚು, ಮೂರ ಸಲ ಕಾಯಿ." ಕಾಯುವುದು ನನಗೆ ಜೀವ ಹಿಂಡಿದಂತಾಗುತ್ತಿತ್ತು. ಒಂದೊಂದು ಸಲಕ್ಕೆ ಒಂದು ಚೌಕ ಹೋಗುತ್ತಿತ್ತು. ಕೊನೆಗೆ ಆಯಿ, ನಾನು ಕೇಳದೆಯೇ, ಐವತ್ತು ವರ್ಷದ ರೂಢಿಯಿಂದ ಅದರ ಮೇಲೆ ವಾರ್ನಿಶ್ ಎಳೆದರು. ಗೋಕಾಕದ ಕಟ್ಟಿಗೆಯ ಮಾವಿನ ಹಣ್ಣಿನಂತೆ, ಗಿಳಿಯಂತೆ, ಟ್ಯಾಂಕು ಫಳಫಳ ಹೊಳೆಯಿತು. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು.

ಹದಿನೇಳನೆಯ ಚೌಕದ ಸಂಜೆ ಅಪ್ಪನ ಚಹದ ಬಸಿಯ ಪಕ್ಕದಲ್ಲಿ ಅದನ್ನಿಟ್ಟೆ. ಅಪ್ಪ ಬಹಳ ಹೊತ್ತು ನೋಡಿದರು.

"ಹೊಳೀತೈತಿ" ಎಂದರು.

ಬಸಿ ಕೆಳಗಿಟ್ಟು ಗೋಡೆಯ ಕಡೆ ಮುಖ ಮಾಡಿದರು. ಆ ರಾತ್ರಿ ಉಣ್ಣಲಿಲ್ಲ. ಒಂದು ಮಾತು. ಡೈರಿಯಲ್ಲಿ ಒಂದು ಎಂದು ಬರೆದೆ. ಮುಂದಿನ ನಾಲ್ಕು ದಿನ ಸೊನ್ನೆ; ಅರ್ಧ ಕೂಡ ಇಲ್ಲ. ನಾನೇ ಅಪ್ಪನನ್ನು ಇನ್ನಷ್ಟು ಒಳಕ್ಕೆ ನೂಕಿದೆ ಎಂದು ನನಗೆ ಖಾತ್ರಿಯಾಯಿತು. ಅವ್ವ ಟ್ರಂಕಿನಿಂದ ತನ್ನ ಸೀರೆಗಳನ್ನು ತೆಗೆದು ಬೇರೆ ಗಂಟು ಕಟ್ಟುತ್ತಿದ್ದುದನ್ನು ನೋಡಿದೆ. ಮನೆಯಲ್ಲಿ ಈಗ ಯಾರೂ ಮಾತಾಡುತ್ತಿರಲಿಲ್ಲ.

ಐದನೆಯ ದಿನ ಆಯಿಯ ಹತ್ತಿರ ಓಡಿದೆ. "ಹೊಳೀತೈತಿ ಅಂದ್ರು ಆಯಿ, ಮತ್ತ ಸುಮ್ಮಾದ್ರು."

"ಹೊಳೀಲೇಬೇಕಲ್ಲ! ಹೊಳೀದಿದ್ರ ಯಾರ ತೊಗೊಂತಾರ?" ಎಂದು ಆಯಿ ಮೊದಲು ಸಿಟ್ಟಾದರು. ಆಮೇಲೆ ಕುಂಚ ಕೆಳಗಿಟ್ಟರು. "ತಡಿ. ಲಢಾಯಿಗೆ ಹೋಗೂ ಗಾಡಿ ಯಾಕ ಹೊಳೀತೈತಿ? ಹೊಳದ್ರ ವೈರಿಗೆ ಕಾಣೂದಿಲ್ಲೇನ? ನನ್ನ ಬುದ್ಧಿಗೆ ಇಷ್ಟ ವಾರ್ನಿಶ್ ಆಗೇತಿ ನೋಡು."

ಗೂಡಿನಿಂದ ಒಂದು ಕಟ್ಟಿಗೆಯ ಬಾಳೆಹಣ್ಣು ತೆಗೆದು ಕೊಟ್ಟರು. ಹಳದಿಯ ಮೇಲೆ ಕಂದು ಚುಕ್ಕೆ, ತುದಿಯಲ್ಲಿ ಕಪ್ಪು, ಒಂದು ಕಡೆ ಒತ್ತಿದ ಕಲೆ. ಖರೆ ಹಣ್ಣೆಂದು ನಾನು ಮೂಸಿದೆ. "ಚಲೋ ಮಾಡಾಕ ಎಲ್ಲಾರಿಗೂ ಬರತೈತಿ ಸುಮ್ಮಿ. ಕೆಡಸಾಕ ಬರಬೇಕು. ಎಲ್ಲಿ ಕೈ ಮುಟ್ಟತೈತಿ, ಎಲ್ಲಿ ಬಿಸಲ ಬೀಳತೈತಿ, ಅಲ್ಲೇ ಕೆಡಸಬೇಕು. ಎಲ್ಲಾ ಕಡೆ ಕೆಡಿಸಿದ್ರ ಅದು ಬರೇ ಹೊಲಸ."

ಹಳೆಯ ಪಾಲಿಶ್ ಕಾಗದದಿಂದ ಉಜ್ಜಿ ಹೊಳಪು ಕಳೆದೆವು. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕದಡಿ ಮೂಲೆಗಳಿಗೆ ಇಳಿಬಿಟ್ಟು, ಮೇಲಿನದನ್ನು ಒರೆಸಿದೆವು. ಮುಳುಗಿದ್ದ ಗೆರೆಗಳೆಲ್ಲ ಎದ್ದು ಬಂದವು. ಕಾಲಿಟ್ಟು ಹತ್ತುವ ಅಂಚುಗಳಿಗೆ ಪೆನ್ಸಿಲಿನ ಸೀಸ ತಿಕ್ಕಿದೆ. ಬಣ್ಣ ಸವೆದು ಕಬ್ಬಿಣ ಕಂಡಂತಾಯಿತು. ಹೊಗೆ ಬರುವ ಕಡೆ ಕೆಮ್ಮಣ್ಣಿನ ತುಕ್ಕು. ಕೊನೆಗೆ ಕೆಸರು. ಮರುಭೂಮಿಯ ಉಸುಕು ಹೇಗಿರುತ್ತದೆಂದು ನನಗಾಗಲಿ ಆಯಿಗಾಗಲಿ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಮಮದಾಪುರದ ನಮ್ಮ ಅಜ್ಜನ ಹೊಲದ ಎರೆ ಮಣ್ಣು. ಅಲ್ಲಿಂದ ಹಾಲು ತರುವವರಿಗೆ ಹೇಳಿ ಒಂದು ಹೆಂಟೆ ತರಿಸಿದೆ. ಅದನ್ನು ಪುಡಿ ಮಾಡಿ, ಗೊಂಬೆಗೆ ಬಳಸುವ ಹುಣಸೆ ಬೀಜದ ಅಂಟಿನಲ್ಲಿ ಕಲಸಿ, ಗಾಲಿಗಳಿಗೂ ಸರಪಳಿಗೂ ಬೆರಳ ತುದಿಯಿಂದ ಮೆತ್ತಿದೆ. ಒಣಗಿದಾಗ ಮಳೆಯಲ್ಲಿ ಹೊಲ ದಾಟಿ ಬಂದ ಗಾಡಿಯಂತಿತ್ತು. ಆಯಿ ದೂರ ಹಿಡಿದು ನೋಡಿ, "ಈಗ ಮುದಿ ಆತು" ಎಂದರು. ಅವರು ಮೆಚ್ಚಿದ್ದು ಅದೊಂದೇ ಸಲ.

ಇಪ್ಪತ್ತೊಂಬತ್ತನೆಯ ಚೌಕ. ನಾಳೆ ಮಾಮಾ ಬರುವವರಿದ್ದರು. ಬೆಳಗಿನ ಚಹದ ಬಸಿಯ ಪಕ್ಕದಲ್ಲಿ ಟ್ಯಾಂಕನ್ನಿಟ್ಟು, ಕಂಬದ ಆಚೆ ನಿಂತೆ. ಅಪ್ಪ ಎತ್ತಿಕೊಂಡರು. ತಿರುಗಿಸಿ ಹೊಟ್ಟೆಯ ಕಡೆ ನೋಡಿದರು. ಸರಪಳಿಯ ಮಣ್ಣನ್ನು ಉಗುರಿನಿಂದ ಚೂರು ತೆಗೆದು ಮೂಸಿದರು. ಮತ್ತೊಮ್ಮೆ ಮೂಸಿದರು. ನಂತರ ಎದ್ದು ಸೀದಾ ಬಚ್ಚಲಿಗೆ ಹೋಗಿ, ತಂಬಿಗೆಯಿಂದ ಅದರ ಮೇಲೆ ನೀರು ಸುರಿಯತೊಡಗಿದರು.

"ಅಪ್ಪಾ, ಬ್ಯಾಡ! ಹೋಗತೈತ್ರಿ!"

ಹುಣಸೆಯ ಅಂಟು ನೀರಿಗೆ ನಿಲ್ಲುವುದಿಲ್ಲ. ನನ್ನ ಇಪ್ಪತ್ತೊಂಬತ್ತು ದಿನ ಕಪ್ಪಗೆ ಕರಗಿ ಬಚ್ಚಲ ಕಂಡಿಗೆ ಹರಿಯುತ್ತಿತ್ತು. ಅಪ್ಪ ಹಳೆಯ ಹಲ್ಲುಜ್ಜುವ ಬ್ರಶ್ಶು ತೆಗೆದುಕೊಂಡು ಗಾಲಿಗಳ ಸಂದಿ ತಿಕ್ಕುತ್ತಿದ್ದರು. ಎಲ್ಲ ಮುಗಿಯಿತು ಎಂದುಕೊಂಡೆ. ಆಗ ತಲೆ ಎತ್ತದೆ ಹೇಳಿದರು:

"ಮಣ್ಣ ಹಂಗ ಬಿಟ್ಟ ಗಾಡಿ ನಿಲ್ಲಸಬಾರದವ್ವಾ. ಬಲದೇವ ಇದ್ದಿದ್ರ ನನಗ ಬೈತಿದ್ದ."

ಬೆರಳ ಮೇಲೆ ಎಣಿಸಿದೆ. ಒಂಬತ್ತು. ಅಪ್ಪ ನಿಲ್ಲಿಸಲಿಲ್ಲ. ನಾನು ಒಳಗೆ ಓಡಿ ಡೈರಿ, ಪೆನ್ನು ತಂದು ಬಚ್ಚಲ ಹೊಸ್ತಿಲಲ್ಲಿ ಕೂತೆ. ಅಪ್ಪ ತೊಳೆಯುತ್ತ ಹೇಳುತ್ತಿದ್ದರು, ನಾನು ಮಾತಿಗೊಂದು ಗೆರೆ ಎಳೆಯುತ್ತಿದ್ದೆ: ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಒಂದೂ ತಪ್ಪಬಾರದೆಂದು ಕಿವಿ ನಿಮಿರಿಸಿಕೊಂಡಿದ್ದೆ. ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಳು. ಅಪ್ಪನ ದನಿ ಒಡೆದು, ಮತ್ತೆ ಕೂಡಿ, ಮತ್ತೆ ಒಡೆಯುತ್ತಿತ್ತು. ಟ್ಯಾಂಕು ಪೂರ್ತಿ ತೊಳೆದಾದ ಮೇಲೆ ಅದನ್ನು ಅಂಗಿಯ ಚುಂಗಿನಿಂದ ಒರೆಸಿ ನನ್ನ ಮಡಿಲಲ್ಲಿಟ್ಟು ಎದ್ದರು. ಮೊತ್ತ: ಇನ್ನೂರ ಹದಿನೇಳು.

ಮರುದಿನ ಮಾಮಾ ಬಂದಾಗ ಅಪ್ಪ ಕಂಬದ ಬಳಿಯಿಂದಲೇ, "ಬರ್ರಿ, ಕುಂದರ್ರಿ" ಎಂದರು. ಮಾಮಾ ಚಪ್ಪಲಿ ಬಿಡುವುದನ್ನೇ ಮರೆತು ಒಳಗೆ ಬಂದರು. ದವಾಖಾನೆಯ ಮಾತು ಯಾರೂ ಎತ್ತಲಿಲ್ಲ. ಅವ್ವ ಸೀರೆಯ ಗಂಟು ಬಿಚ್ಚಿದಳು.

ಅಪ್ಪ ಆಮೇಲೂ ಕಡಿಮೆ ಮಾತಿನವರಾಗಿಯೇ ಉಳಿದರು. ಉಪ್ಪು, ಬಸ್ಸು, ನನ್ನ ಪರೀಕ್ಷೆ, ಇಷ್ಟಕ್ಕೆ ಮಾತಾಡುತ್ತಿದ್ದರು. ಆ ಬೆಳಗಿನ ವಿಷಯಕ್ಕೆ ಮತ್ತೆ ಹೋಗಲಿಲ್ಲ. ನಾವೂ ಕೇಳುವ ಧೈರ್ಯ ಮಾಡಲಿಲ್ಲ. ಅವ್ವನಿಗೆ ಆ ದಿನ ನೆನಪಿರುವುದು ದನಿ ಮಾತ್ರ. "ಏನ ಅಂದ್ರೋ ಏನೋ, ನಾ ಅಳಾಕತ್ತಿದ್ನಿ" ಎನ್ನುತ್ತಾಳೆ. ಶಾಂತಾ ಆಯಿ ಹೋಗಿ ಬಹಳ ವರ್ಷವಾಯಿತು. ಓಣಿಗೆ ಈಗ ಬೆಲ್ಲದ ಒಂದೇ ವಾಸನೆ. ಅಪ್ಪ ಹೋದ ವರ್ಷ ತೀರಿಕೊಂಡರು.

ಮಣ್ಣಾದ ಮೇಲೆ ಆ ಡೈರಿ ತೆಗೆದೆ. ಪುಟ ಸಿಕ್ಕಿತು. ನೀರಿನ ಹನಿ ಬಿದ್ದು ಉಬ್ಬಿದ ಕಾಗದದ ಮೇಲೆ ಗೆರೆಗಳ ಕಟ್ಟುಗಳು ಸಾಲು ಸಾಲಾಗಿ, ಶಿಸ್ತಾಗಿ ನಿಂತಿವೆ. ಮತ್ತೆ ಎಣಿಸಿದೆ. ಇನ್ನೂರ ಎಂಟು; ಬೆರಳ ಮೇಲೆ ಎಣಿಸಿದ ಒಂಬತ್ತು ಸೇರಿದರೆ ಇನ್ನೂರ ಹದಿನೇಳು. ಒಂದೂ ತಪ್ಪಿಲ್ಲ. ಆದರೆ ಅಪ್ಪ ಹೇಳಿದ್ದೇನು? ಟ್ಯಾಂಕಿನೊಳಗೆ ಏನಾಯಿತು, ಬಲದೇವ ಕಾಕಾ ಕೊನೆಗೆ ಏನೆಂದರು, ಅಪ್ಪ ಏನನ್ನು ಹೊತ್ತು ಮನೆಗೆ ಬಂದರು, ಅಷ್ಟೂ ಆ ಬಚ್ಚಲಲ್ಲಿ ನನ್ನೆದುರೇ ಬಂದು ಹೋಯಿತು; ನಾನು ಎಣಿಸುತ್ತಿದ್ದೆ. ನೆನಪಿರುವುದು ಮೊದಲ ಒಂಬತ್ತು ಮಾತು ಮಾತ್ರ, ಡೈರಿ ಇನ್ನೂ ನನ್ನ ಕೈಗೆ ಬಂದಿರಲಿಲ್ಲವಲ್ಲ, ಅದಕ್ಕೆ.