ಗೋಡೆಗೆ ಒರಗಿಸಿದ ಸೀಟು

ಮೊನ್ನೆ ಶುಕ್ರವಾರ ರಜೆಯಿತ್ತು. ಮಧುಗಿರಿಯ ನಮ್ಮ ಮನೆಯ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರು ತೊಳೆಯುತ್ತಿದ್ದೆ. ಒಳಗೆ ಒರೆಸಿದ್ದು ಆರಲೆಂದು ನಾಲ್ಕೂ ಬಾಗಿಲು ತೆರೆದಿಟ್ಟಿದ್ದೆ. ಅಂಗಡಿಗಳಿಗೆ ಲೋಬಾನದ ಹೊಗೆ ಹಾಕುತ್ತ ಬರುವ ಫಕೀರ ಅದೇ ಹೊತ್ತಿಗೆ ನಮ್ಮ ಬೀದಿಗೆ ಬಂದ. ಕೇಳಲಿಲ್ಲ, ಹೇಳಲಿಲ್ಲ, ತೆರೆದ ಬಾಗಿಲೊಳಗೆ ಧೂಪದ ಬಟ್ಟಲು ಹಿಡಿದು ನವಿಲುಗರಿಯಿಂದ ಎರಡು ಸಲ ಬೀಸಿ ಮುಂದೆ ಹೋದ. ಒಳ್ಳೆಯದಾಗಲಿ ಎಂದೇ ಮಾಡಿದ್ದು. ನಾನು ಮಾತ್ರ ಕೈಯಲ್ಲಿದ್ದ ಬಟ್ಟೆ ಹಿಂಡುವುದನ್ನೂ ಮರೆತು ನಿಂತುಬಿಟ್ಟೆ. ಒದ್ದೆ ಸೀಟು, ಶಾಂಪೂ, ಲೋಬಾನ... ಮೂರೂ ಸೇರಿದ ಆ ವಾಸನೆ ನನ್ನ ಪಾಲಿಗೆ ಒಬ್ಬರದೇ. ಶಿರಾದಲ್ಲಿ ನನ್ನ ತವರಿನ ಎದುರುಮನೆಯಲ್ಲಿದ್ದ ಚಾಚಾ ಅವರದು.

ಚಾಚಾ ಕುಶನ್ ಕೆಲಸದವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಲಾರಿ, ಜೀಪು, ಆಟೊ, ಯಾವ ಗಾಡಿಯ ಸೀಟು ಹರಿದರೂ ಅಲ್ಲಿಗೆ ಬರುತ್ತಿತ್ತು. ಅವರದೂ ಒಂದು ಹಳೇ ಬಿಳಿ ಕಾರಿತ್ತು. ಏರು ಬಂದರೆ ಕೆಮ್ಮುತ್ತಿತ್ತು, ಇಳಿಜಾರಿನಲ್ಲಿ ನಡುಗುತ್ತಿತ್ತು. ಆದರೂ ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅವರು ಅದನ್ನು ತೊಳೆಯುವುದನ್ನು ನೋಡಬೇಕಿತ್ತು. ಮೊದಲು ಟಾಪು, ಆಮೇಲೆ ಗಾಜು, ಆಮೇಲೆ ಬಾಗಿಲು, ಎಲ್ಲಕ್ಕಿಂತ ಕೊನೆಗೆ ಚಕ್ರ. ಚಕ್ರ ಒರೆಸಿದ ಬಟ್ಟೆ ಗಾಜಿನ ಹತ್ತಿರ ಸುಳಿಯುವಂತಿರಲಿಲ್ಲ. ಒಮ್ಮೆ ಅವರ ಹೆಂಡತಿ ಹಾಗೆ ಮಾಡಿ ವಾರಗಟ್ಟಲೆ ಬೈಸಿಕೊಂಡಿದ್ದರು. ಗಾಜಿಗೆ ಹಳೇ ಪೇಪರನ್ನು ಮುದ್ದೆ ಮಾಡಿ ಕಿರ್ ಕಿರ್ ಎನ್ನಿಸುತ್ತ ಉಜ್ಜುತ್ತಿದ್ದರು. ನಮ್ಮ ಮನೆಯ ಕಿಟಕಿಗೆ ಅದು ಚೆನ್ನಾಗಿ ಕೇಳಿಸುತ್ತಿತ್ತು.

ಆಗ ನಮ್ಮ ಗಲ್ಲಿಯಲ್ಲಿ ಬೇರೆ ಕಾರಿರಲಿಲ್ಲ. ಹೆರಿಗೆಯಾಗಲಿ, ಎದೆನೋವಾಗಲಿ, ತುಮಕೂರಿನ ಆಸ್ಪತ್ರೆಗೆ ಚಾಚಾನೇ ಕರೆದೊಯ್ಯಬೇಕು. ಅಲ್ಲಿ ಯಾರಾದರೂ ತೀರಿಕೊಂಡರೆ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬರುತ್ತಿದ್ದರು. ಆದರೆ ಕೆಟ್ಟ ಸುದ್ದಿ ಹೇಳಲು ಆ ಮನುಷ್ಯನಿಗೆ ನಾಲಿಗೆ ಹೊರಳುತ್ತಿರಲಿಲ್ಲ. ವಾಪಸು ಬಂದವರು ಯಾರ ಮುಖವನ್ನೂ ನೋಡದೆ ಬಕೆಟ್ ಹಿಡಿಯುತ್ತಿದ್ದರು. ಹೊರಗಷ್ಟೇ ತೊಳೆದರೆ ರೋಗಿ ಆಸ್ಪತ್ರೆಯಲ್ಲಿದ್ದಾರೆ, ಜೀವಕ್ಕೆ ತೊಂದರೆಯಿಲ್ಲ ಎಂದು ಅರ್ಥ. ನಾಲ್ಕೂ ಬಾಗಿಲು ತೆರೆದು, ಹಿಂದಿನ ಸೀಟನ್ನು ಬಿಚ್ಚಿ ಹೊರಗೆಳೆದು ಮನೆಯ ಗೋಡೆಗೆ ಒರಗಿಸಿದರೆ... ಮುಗಿಯಿತು. ಒಳಗೆಲ್ಲ ತೊಳೆದು ಲೋಬಾನ ಹಾಕುತ್ತಿದ್ದರು. ಸತ್ತವರು ಯಾವ ಜಾತಿಯವರಾದರೂ ಅದೇ ಲೋಬಾನ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಸೀಟು ಹೊರಗೆ ಬಂದ ಸ್ವಲ್ಪ ಹೊತ್ತಿಗೆಲ್ಲ ಗಲ್ಲಿಯ ಯಾರಾದರೊಬ್ಬರು ಆ ಮನೆಗೆ ಕಾಫಿ ಫ್ಲಾಸ್ಕ್ ಹಿಡಿದು ಹೋಗುತ್ತಿದ್ದರು.

ಸೀಟು ಆಚೆಗೆ ಬಂತು ಎಂದರೆ ನಮ್ಮಲ್ಲಿ ಸಾವು ಎಂದೇ ಆಗಿಹೋಗಿತ್ತು. ನಲ್ಲಿಯ ಹತ್ತಿರ ಜಗಳ ಬಿದ್ದವರು ‘ನಿನ್ ಸೀಟು ಆಚೆಗ್ ಬರ’ ಎಂದು ಶಾಪ ಹಾಕುತ್ತಿದ್ದರು. ನನ್ನಮ್ಮ ನನ್ನ ಸೋಮಾರಿತನಕ್ಕೆ ಬೈಯುವಾಗಲೂ ಅದೇ ಮಾತು. “ನನ್ ಸೀಟು ಆಚೆಗ್ ಬಂದ್ಮೇಲೆ ಗೊತ್ತಾಯ್ತದೆ ಕಣೇ ನಿಂಗೆ.” ಎದುರಿನಿಂದ ಕೇಳಿಸಿಕೊಂಡ ಚಾಚಾ ಬಾಯಲ್ಲಿ ದಾರ ಕಚ್ಚಿಕೊಂಡೇ ನಗುತ್ತಿದ್ದರು.

ಮಗಳು ಹುಟ್ಟಿದಾಗ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಅಪ್ಪ ಹೋಗಿ ವರ್ಷಗಳಾಗಿದ್ದವು. ಅಮ್ಮ ಒಬ್ಬಳೇ ಎಲ್ಲ ನೋಡಿಕೊಳ್ಳುತ್ತಿದ್ದಳು. ಒಂದು ಬೆಳಗ್ಗೆ ಮಗುವಿಗೆ ಹರಳೆಣ್ಣೆ ಹಚ್ಚುತ್ತಿದ್ದವಳು ಇದ್ದಕ್ಕಿದ್ದಂತೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಗೋಡೆ ಹಿಡಿದು ಕೂತಳು. ಎದೆ ಹಿಂಡುತ್ತಿದೆ ಎಂದಳು. ಅಣ್ಣನೂ ಚಾಚಾನೂ ಅವಳನ್ನು ಎತ್ತಿಕೊಂಡು ಕಾರಿಗೆ ಹಾಕಿದರು. ಕೈಯ ಎಣ್ಣೆಯನ್ನು ತೊಳೆದುಕೊಳ್ಳಲೂ ಅವಳಿಗೆ ಪುರುಸೊತ್ತಾಗಲಿಲ್ಲ. ನನ್ನ ಜೊತೆಗಿರಲು ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಬಂದಳು.

ಅಮ್ಮ ಅವತ್ತೇ ಹೋಗಿಬಿಟ್ಟಿದ್ದಳು. ಆಸ್ಪತ್ರೆಯಿಂದ ಅವಳನ್ನು ನೇರವಾಗಿ ಕೊಳಾಲದ ಹತ್ತಿರದ ನಮ್ಮ ಹೊಲಕ್ಕೆ ಒಯ್ದು, ಮರುದಿನ ಬೆಳಗ್ಗೆ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು. ಹಸಿ ಬಾಣಂತಿಗೆ ಸಾವಿನ ಸುದ್ದಿ ಹೇಳಿದರೆ ಎದೆಹಾಲು ಬತ್ತುತ್ತದೆ, ಹೇಳಕೂಡದು ಎಂದು ಹಿರಿಯರೆಲ್ಲ ತೀರ್ಮಾನಿಸಿದರು. ಕಣ್ಣಿಗೆ ಕೆಟ್ಟದ್ದೆಂದು ನನ್ನ ಮೊಬೈಲನ್ನು ಮೊದಲೇ ಎತ್ತಿಟ್ಟಿದ್ದರು. ನನ್ನ ಗಂಡನೂ ಈ ನಾಟಕದಲ್ಲಿ ಒಬ್ಬ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ನನಗೆ ಅನುಮಾನವಿತ್ತು. ದೊಡ್ಡಮ್ಮನ ಕಣ್ಣು ಊದಿತ್ತು; ಒಲೆಯ ಹೊಗೆ ಎಂದಳು. ನಮ್ಮ ಮನೆಯಲ್ಲಿ ಇದ್ದದ್ದು ಗ್ಯಾಸು. ಹಾಗಾಗಿ ನಾನು ಯಾರ ಮಾತನ್ನೂ ನಂಬದೆ, ಮುಚ್ಚಿದ ಕಿಟಕಿಯ ಸಂದಿಗೆ ಕಣ್ಣಿಟ್ಟು ಚಾಚಾ ಬರುವುದನ್ನೇ ಕಾಯುತ್ತಿದ್ದೆ.

ಮರುದಿನ ಮಧ್ಯಾಹ್ನ ಬಂದರು. ಇಳಿದು ಕಾರಿನ ಮೇಲೆ ಅಂಗೈಯಿಟ್ಟು ನಿಂತರು. ದೊಡ್ಡಮ್ಮ ಹೋಗಿ ಏನೋ ಹೇಳಿ ಬಂದಳು. ಚಾಚಾ ಒಳಗಿನಿಂದ ಬಕೆಟ್ ತಂದರು. ಟಾಪು ತೊಳೆದರು. ಪೇಪರಿನಲ್ಲಿ ಗಾಜು ಉಜ್ಜಿದರು. ಬಾಗಿಲುಗಳನ್ನು ಹೊರಗಿನಿಂದ ಒರೆಸಿದರು, ಚಕ್ರಕ್ಕೆ ನೀರು ಹಾಕಿದರು. ಬಕೆಟ್ ಬೋರಲು ಹಾಕಿ ಒಳಗೆ ಹೋದರು. ಒಂದು ಬಾಗಿಲನ್ನೂ ತೆರೆಯಲಿಲ್ಲ. ಲೋಬಾನವೂ ಇಲ್ಲ.

ಅಮ್ಮ ಬದುಕಿದ್ದಾಳೆ! ಅವತ್ತು ಮೆಣಸಿನ ಸಾರನ್ನು ಎರಡನೇ ಸಲ ಹಾಕಿಸಿಕೊಂಡು ಉಂಡೆ. ದೊಡ್ಡಮ್ಮ ಗೋಡೆಯ ಕಡೆ ತಿರುಗಿ ಕೂತಿದ್ದಳು. ಆಮೇಲಿನ ದಿನಗಳಲ್ಲಿ ಅವಳು ಆಪರೇಷನ್ ಎಂದಳು, ಐಸಿಯು ಎಂದಳು. ಎಲ್ಲಕ್ಕೂ ಹೂಂಗುಟ್ಟಿದೆ. ಎದುರಿನ ಕಾರು ನಿಂತಲ್ಲೇ ನಿಂತಿತ್ತು, ಗಾಜುಗಳನ್ನು ಬಿಗಿಯಾಗಿ ಏರಿಸಿಕೊಂಡು. ಯಾರೋ ಬಂದು ಕೇಳಿದರೆ ಬ್ಯಾಟರಿ ಹೋಗಿದೆ ಎಂದು ಚಾಚಾ ಕಳಿಸಿಬಿಟ್ಟರು. ಯಾರಿಗೂ ಇಲ್ಲ ಎಂದವರಲ್ಲ ಅವರು. ಅದು ಕಣ್ಣಿಗೆ ಬಿದ್ದರೂ ನನ್ನ ತಲೆಗೆ ಹೋಗಲಿಲ್ಲ.

ಮಗುವನ್ನು ತೊಟ್ಟಿಲಿಗೆ ಹಾಕುವ ಮಾತು ಬಂತು. ಅಮ್ಮ ಬರದೆ ಆಗದು ಎಂದು ಹಠ ಹಿಡಿದೆ. ಆಗ ಅಣ್ಣ ಬಂದು ಹೊಸಿಲ ಹತ್ತಿರವೇ ಕುಸಿದು ಕೂತು ಹೇಳಿದ.

“ಸುಳ್ಳು ಹೇಳ್ಬ್ಯಾಡ,” ಎಂದೆ. “ಚಾಚಾನ ಸೀಟು ಆಚೆಗ್ ಬಂದಿಲ್ಲ.”

ಎದುರು ಅಂಗಡಿಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ನಾನು ಮಗುವನ್ನು ದೊಡ್ಡಮ್ಮನ ಕೈಗೆ ಕೊಟ್ಟು ಬರಿಗಾಲಲ್ಲಿ ಬೀದಿ ದಾಟಿದೆ. ಬಾಣಂತಿ ಹೊರಗೆ ಬಂದಳೆಂದು ಯಾರೂ ತಡೆಯಲಿಲ್ಲ. ಚಾಚಾ ಕಾರಿನ ಬೀಗದ ಕೈ ಹಿಡಿದು ಆಗಲೇ ಎದ್ದು ನಿಂತಿದ್ದರು.

“ಒಳಗಡೆ ಇನ್ನೂ ತೊಳ್ದಿಲ್ಲ ಬೇಟಿ,” ಎಂದರು. “ಗಾಜೂ ಇಳಿಸ್ಲಿಲ್ಲ, ಅಮ್ಮನ್ ವಾಸ್ನೆ ಹೋಗ್ಬುಡ್ತದೆ ಅಂತ. ನಾವೆಲ್ಲ ಮಣ್ ಹಾಕಿ ಬಂದ್ಬುಟ್ವಿ. ನಿಂಗೆ ಅದೂ ಸಿಗ್ಲಿಲ್ಲ. ಇದು ನೀನ್ ತೊಳ್ಯೋದು ಕಣಮ್ಮ.”

ಬಾಗಿಲು ತೆರೆದರು. ಬಿಸಿಗಾಳಿಯ ಜೊತೆ ಅಮ್ಮ ಹಚ್ಚಿಕೊಳ್ಳುತ್ತಿದ್ದ ತಲೆನೋವಿನ ಮುಲಾಮಿನ ವಾಸನೆ, ಹರಳೆಣ್ಣೆಯ ವಾಸನೆ... ಸೀಟಿನ ಅಂಚಿನಲ್ಲಿ ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದ ಕಡೆ ಎಣ್ಣೆಯ ಕಲೆಯಿತ್ತು. ಅದಕ್ಕೆ ಮುಖವಿಟ್ಟು ಅತ್ತೆ. ಚಾಚಾ ರಸ್ತೆಯ ಕಡೆ ತಿರುಗಿ ನಿಂತಿದ್ದರು. ಆಮೇಲೆ ಸೀಟು ಎಳೆದುಕೊಟ್ಟರು. ಇಬ್ಬರೂ ಹಿಡಿದು ಗೋಡೆಗೆ ಒರಗಿಸಿದೆವು. ನಾನು ಉಜ್ಜಿದೆ, ಅವರು ನೀರು ಹಾಕಿದರು. ಕಲೆ ಹೋಗುವವರೆಗೆ ಉಜ್ಜಿದೆ. ನೊರೆ ಚರಂಡಿಗೆ ಹರಿಯಿತು. ಅವರು ಜೇಬಿನಿಂದ ಲೋಬಾನದ ಪೊಟ್ಟಣ ತೆಗೆದು ಕೆಂಡಕ್ಕೆ ಹಾಕಿ, ಬಟ್ಟಲನ್ನು ನನ್ನ ಕೈಗೇ ಕೊಟ್ಟರು.

ಗಲ್ಲಿಯವರಿಗೆಲ್ಲ ಮೊದಲೇ ಗೊತ್ತಿತ್ತು. ಆದರೂ ಒಬ್ಬರೂ ಅಷ್ಟು ದಿನ ತುಟಿ ಬಿಚ್ಚಿರಲಿಲ್ಲ. ಸೀಟು ಗೋಡೆಗೆ ಒರಗಿದ ಮೇಲೆ ಬಂದರು, ಒಬ್ಬೊಬ್ಬರಾಗಿ, ಅಮ್ಮ ಅವತ್ತೇ ಹೋದಳೇನೋ ಎಂಬಂತೆ. ಮೊದಲು ಬಂದವರು ನಲ್ಲಿಯ ಹತ್ತಿರ ಅಮ್ಮನ ಜೊತೆ ಸದಾ ಜಗಳವಾಡುತ್ತಿದ್ದ ಅಜ್ಜಿ. ಅವರ ಕೈಯಲ್ಲಿ ಕಾಫಿ ಫ್ಲಾಸ್ಕಿತ್ತು.

ಚಾಚಾ ಮೇಲೆ ನನಗೆ ಸಿಟ್ಟಿತ್ತು. ಇವತ್ತಿಗೂ ಅದು ಪೂರ್ತಿ ಇಳಿದಿಲ್ಲ. ಮಿಕ್ಕವರೆಲ್ಲ ಬಾಯಲ್ಲಿ ಸುಳ್ಳು ಹೇಳಿದ್ದರು, ಅದನ್ನು ನಾನು ನಂಬಿರಲಿಲ್ಲ. ನಂಬಿದ್ದು ಅವರ ಬಕೆಟ್ಟನ್ನು. ಆದರೆ ಅಮ್ಮನನ್ನು ಅಷ್ಟು ದಿನ ಗಾಜು ಮುಚ್ಚಿ ನನಗೋಸ್ಕರ ಕಾದವರೂ ಅವರೊಬ್ಬರೇ. ಈ ಎರಡನ್ನೂ ಹೇಗೆ ಒಟ್ಟಿಗೆ ಇಟ್ಟುಕೊಳ್ಳುವುದು ಎಂದು ನನಗೆ ತಿಳಿದಿಲ್ಲ...

ಕಳೆದ ವಾರ ಅಣ್ಣ ಫೋನಿನಲ್ಲಿ ಏನೇನೋ ಮಾತಾಡುತ್ತ, ಚಾಚಾ ಹೋಗಿ ತಿಂಗಳ ಮೇಲಾಯಿತು, ನಿನಗೆ ಹೇಳುವುದನ್ನೇ ಮರೆತೆ ಎಂದ. ಆಂಬುಲೆನ್ಸಿನಲ್ಲಿ ತಂದು ಇಳಿಸಿದರಂತೆ, ಅದು ಅಲ್ಲಿಂದಲೇ ತಿರುಗಿಸಿಕೊಂಡು ಹೋಯಿತಂತೆ. ಬಿಳಿ ಕಾರನ್ನು ಗುಜರಿಗೆ ಹಾಕಿ ಬಹಳ ಕಾಲವಾಗಿತ್ತು. ಗಲ್ಲಿಯಲ್ಲೀಗ ಮನೆಗೊಂದು ಕಾರಿದೆ. ಅಮ್ಮನ ಮುಖ ನೋಡಲು ಸಿಗಲಿಲ್ಲ, ಅವರ ಮುಖವೂ ಸಿಗಲಿಲ್ಲ. ಫೋನಿಟ್ಟು ಅಡುಗೆ ಮಾಡಿದೆ, ಎಲ್ಲರಿಗೂ ಬಡಿಸಿದೆ. ಅಳು ಬರಲಿಲ್ಲ.

ಮೊನ್ನೆ ಫಕೀರ ಹೋದ ಮೇಲೆ ಕಾರಿನೊಳಗೆ ಬಗ್ಗಿ ಹಿಂದಿನ ಸೀಟಿನ ಕೆಳಗೆ ಕೈ ಹಾಕಿದೆ. ಈಗಿನ ಕಾರುಗಳಲ್ಲಿ ಜೋರಾಗಿ ಮೇಲಕ್ಕೆಳೆದರೆ ಕಳಚಿಕೊಳ್ಳುತ್ತದೆ. ಹೊರಗೆ ತಂದು ಕಾಂಪೌಂಡ್ ಗೋಡೆಗೆ ಒರಗಿಸಿದೆ. ಪಕ್ಕದ ಮನೆಯಾಕೆ ಗೇಟಿನ ಹತ್ತಿರ ನಿಂತು, ಕಾರಿನೊಳಗೆ ಇಲಿ ಸೇರಿಕೊಂಡಿದೆಯಾ ಎಂದು ಕೇಳಿದರು.

“ಇಲ್ಲ ಕಣ್ರೀ,” ಎಂದೆ. “ನಮ್ ಚಾಚಾ ಹೋಗ್ಬುಟ್ರು.”

ಅವರು ನನ್ನನ್ನೂ ಸೀಟನ್ನೂ ನೋಡಿದರು. ಹೌದಾ, ಪಾಪ ಎಂದು, ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಒಳಗೆ ಹೋದರು. ನಾನು ಸೀಟನ್ನು ಉಜ್ಜಿ ತೊಳೆದು ಮೆಟ್ಟಿಲ ಮೇಲೆ ಕೂತೆ. ಸಂಜೆಯವರೆಗೂ ಸೀಟು ಗೋಡೆಗೆ ಒರಗಿಕೊಂಡೇ ಇತ್ತು. ಯಾರೂ ಕಾಫಿ ತರಲಿಲ್ಲ.