ಮೂರು ವಾರವನ್ನು ಎಂಟು ದಿನ ಮಾಡಿದವನು

ಆಚಾರ್ರೇ, ಡಾಕ್ಟರು ಹೇಳಿದ್ದು ಮೂರು ವಾರ. ಎಂಟು ದಿನ ಅಂದವನು ನಾನು.

ಹದಿಮೂರು ವರ್ಷವಾಯಿತು. ಮಧುಗಿರಿ ಆಸ್ಪತ್ರೆಯಲ್ಲಿ ನಿಮ್ಮ ಮೇಲಿನ ದವಡೆಯ ಕೊನೆಯ ಹಲ್ಲನ್ನು ಕೊಯ್ದು ತೆಗೆದಿದ್ದರು. ಡಾಕ್ಟರಿಗೆ ಕನ್ನಡ ಬಾರದು, ನಿಮಗೆ ಇಂಗ್ಲಿಷ್ ಬಾರದು. ಬಡವನಹಳ್ಳಿಯ ಸ್ಕೂಲು ಮೇಷ್ಟ್ರು ಅಂತ ನಡುವೆ ನಾನು ನಿಂತಿದ್ದೆ. ಹಲ್ಲಿನ ಬೇರು ಮೂಗಿನ ಪಕ್ಕದ ಪೊಳ್ಳಿನವರೆಗೂ ಹೋಗಿತ್ತಂತೆ, ಕಿತ್ತಾಗ ಅಲ್ಲಿಗೆ ಸಣ್ಣ ತೂತು ಬಿದ್ದಿದೆಯಂತೆ. ಹೊಲಿಗೆ ಹಾಕಿದ್ದರು. ಅದು ಕೂಡುವ ತನಕ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ನಶ್ಯ ಮುಟ್ಟಬಾರದು, ಏನನ್ನೂ ಊದಬಾರದು — ಇಷ್ಟನ್ನೂ ನಿಯತ್ತಾಗಿಯೇ ಕನ್ನಡಕ್ಕೆ ತಂದೆ.

"ನಶ್ಯ ಬುಡ್ತೀನಿ ಮೇಷ್ಟ್ರೆ. ಊದೋದ್ ಹೆಂಗ್ ಬುಡ್ಲಿ? ಊದದೆ ಬೆಸುಗೆ ಕೂರ್ತದಾ? ಎಷ್ಟ್ ದಿನ ಅಂತೆ, ವಸಿ ಕೇಳಿ."

ಕೇಳಿದೆ. ಹತ್ತನೆಯ ದಿನ ನನ್ನ ಮಗನ ಮದುವೆ. ನಮ್ಮ ಮನೆಗೆ ಬರುವ ಸೊಸೆಯ ತಾಳಿ ನಿಮ್ಮ ಮನೆತನದ ಕೈಯಲ್ಲೇ ಆಗಬೇಕು; ನನ್ನಜ್ಜಿಯದೂ ಹಾಗೇ ಆದದ್ದು. ಶಿರಾದಲ್ಲಿ ಬೇರೆ ಅಕ್ಕಸಾಲಿಗರಿದ್ದರು — ಇದ್ದರು, ಆಚಾರ್ರೇ.

ಆ ದಿನಗಳಲ್ಲಿ ನಾನು ಚಿಂತಿಸದ ವಿಷಯವಿಲ್ಲ: ಮಳೆ ಬಂದೀತೇ, ಬಾಳೆಲೆ ಸೀಳೀತೇ, ಉಪ್ಪಿನಕಾಯಿಗೆ ಇರುವೆ ಹತ್ತೀತೇ. ನಿಮ್ಮ ಬಾಯೊಳಗಿನ ಹೊಲಿಗೆಯೊಂದು ಮಾತ್ರ ಆ ಪಟ್ಟಿಗೆ ಸೇರಲಿಲ್ಲ. ಸುಳ್ಳು. ಸೇರಿತ್ತು. ಸೇರಿದ್ದಕ್ಕೇ ನಿಮ್ಮ ಮುಖ ನೋಡದೆ, ಕಿಟಕಿ ನೋಡುತ್ತಾ ಹೇಳಿದೆ — "ಎಂಟು ದಿನ."

ಒಂಬತ್ತನೆಯ ದಿನ ನಮ್ಮ ಪಡಸಾಲೆಯಲ್ಲಿ ಕೂತಿರಿ. ಊದುಗೊಳವೆ ಬಾಯಿಗಿಟ್ಟು ದೀಪದ ಉರಿಯನ್ನು ಬೆಸುಗೆಯ ಮೇಲೆ ಬಾಗಿಸಿದಿರಿ. ಎರಡನೆಯ ಉಸಿರಿಗೆ ಕೈ ಮೂಗಿಗೆ ಹೋಯಿತು, ಬೆರಳಲ್ಲಿ ರಕ್ತ.

"ಏನಿಲ್ಲ ಬುಡಿ ಮೇಷ್ಟ್ರೆ, ಹೆದರ್ಕೋಬ್ಯಾಡಿ. ನಿಮ್ ಮೊಕ ನೋಡುದ್ರೆ ಹಲ್ ಕೀಳ್ಸ್ಕೊಂಡೋರು ನೀವೇ ಅನ್ನಂಗದೆ."

ನಕ್ಕಿರಿ. ತಾಳಿ ಮುಗಿಸಿಕೊಟ್ಟಿರಿ. ನಾನು ತಡೆಯಲಿಲ್ಲ.

ಆ ತೂತು ಆಮೇಲೆ ಮುಚ್ಚಿಕೊಳ್ಳಲೇ ಇಲ್ಲ. ಮತ್ತೆ ಹೊಲಿದರೂ ಬಿಟ್ಟುಕೊಂಡಿತು. ಕುಡಿದ ನೀರು ಮೂಗಿನಲ್ಲಿ ಇಳಿಯತೊಡಗಿತು. ಊದಿದರೆ ಅರ್ಧ ಉಸಿರು ಮೂಗಿಗೇ ಹೋಗಿ ಉರಿ ನಿಲ್ಲುತ್ತಿರಲಿಲ್ಲ. ಊರ ತಾಳಿಗಳನ್ನೆಲ್ಲ ಬೆಸೆದ ನಿಮಗೆ ಮಕ್ಕಳ ಕಿವಿ ಚುಚ್ಚುವುದಷ್ಟೇ ಉಳಿಯಿತು. ಊಟದ ಪಂಕ್ತಿಗೆ ಬರುವುದನ್ನೂ ಬಿಟ್ಟಿರಿ.

"ನಂದೇ ತಪ್ಪು ಕಣ್ ಮೇಷ್ಟ್ರೆ. ಒಂದ್ ದಪ ಬಾಯ್ ಮುಚ್ಕಂಡ್ ಸೀನ್ಬುಟ್ಟಿದ್ದೆ" ಅಂದಿರಿ ಒಮ್ಮೆ, ನನ್ನ ಜಗುಲಿಯ ಮೇಲೆಯೇ.

"ಇರಬಹುದು" ಅಂದೆ.

ಮೊದಲನೆಯದು ಅವಸರದ ಸುಳ್ಳು. ಈ ಎರಡನೆಯದು — ಇದಕ್ಕೆ ಏನು ಹೆಸರಿಡಲಿ? ಮಾಡದ ತಪ್ಪನ್ನು ನೀವು ಹೊತ್ತುಕೊಂಡಿರಿ, ನಾನು ಅದನ್ನು ಸರಿಯಾಗಿ ಕೂರಿಸಿಕೊಟ್ಟೆ.

ನಿಮಗೆ ಓದು ಬಾರದು. ಈ ಕಾಗದವನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ನಾಳೆ ಬೆಳಿಗ್ಗೆ ನಾನೇ ಬಂದು ಎದುರಿಗೆ ಕೂತು ಓದುತ್ತೇನೆ, ಒಂದು ಮಾತನ್ನೂ ಬದಲಿಸದೆ. ಆಮೇಲೆ ನೀವು ಏಳು ಅನ್ನುವ ತನಕ ಏಳುವುದಿಲ್ಲ.